ಮಗಳು ಟ್ರಿಪಲ್ ಜಂಪ್‌ಗೆ ಆಯ್ಕೆಯಾದಳು: ಇನ್ನು ಮುಂದಿನ ದಾರಿ ಹೇಗಿರುತ್ತದೆ?

ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ಕೊಡಗಿನ ಶಾಲೆಗಳಲ್ಲಿ ಕ್ರೀಡಾಕೂಟದ ಓಡಾಟ ಶುರುವಾಗುತ್ತದೆ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಒಂದರ ಹಿಂದೊಂದು. ಒಂದು ಸಂಜೆ ಒಂಬತ್ತನೇ ತರಗತಿಯ ಹುಡುಗಿ ಕೆಸರು ಮೆತ್ತಿದ ಶೂ ಬಿಚ್ಚುತ್ತಾ, ‘ಅಮ್ಮಾ, ಟ್ರಿಪಲ್ ಜಂಪ್‌ನಲ್ಲಿ ಜಿಲ್ಲೆಗೆ ಸೆಲೆಕ್ಟ್ ಆದೆ’ ಎನ್ನುತ್ತಾಳೆ. ಹಾಕಿ ಎಂದಿದ್ದರೆ ಮನೆಯಲ್ಲಿ ಯಾರಿಗೂ ಏನೂ ವಿವರಿಸಬೇಕಿರಲಿಲ್ಲ. ಓಟ ಎಂದಿದ್ದರೆ ಅಶ್ವಿನಿ ನಾಚಪ್ಪ ಅವರ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು. ಟ್ರಿಪಲ್ ಜಂಪ್ ಎಂದಾಗ ಮಾತ್ರ ಮನೆಯವರು ಸುಮ್ಮನಾಗುತ್ತಾರೆ. ಅದು ಮೂರು ಸಲ ಹಾರುವುದೇ? ಮೂರು ಸಲ ಹಾರಿದ್ದನ್ನು ಕೂಡಿಸುವುದೇ? ಮಂಡಿ ಹಾಳಾಗುವುದಿಲ್ಲವೇ? ಇದರಲ್ಲಿ ಮುಂದೆ ಹೋಗಲು ಎಷ್ಟು ವರ್ಷ ಬೇಕು?

ಒಂದೊಂದಾಗಿ ನೋಡೋಣ.

ಕುಂಟಾಬಿಲ್ಲೆ, ಹೆಜ್ಜೆ, ಜಿಗಿತ

ಓಡಿ ಬಂದು, ಎಲ್ಲೂ ನಿಲ್ಲದೆ, ಒಂದೇ ಸರಣಿಯಲ್ಲಿ ಮೂರು ಸಲ ಹಾರಿ ಮರಳಿಗೆ ಬೀಳುವುದು ಟ್ರಿಪಲ್ ಜಂಪ್. ಕನ್ನಡದಲ್ಲಿ ತ್ರಿವಿಧ ಜಿಗಿತ ಎನ್ನುತ್ತೇವೆ. ಆ ಹೆಸರೇ ಸರಿಯಾದದ್ದು, ಏಕೆಂದರೆ ಮೂರೂ ಒಂದೇ ಬಗೆಯ ಹಾರಾಟವಲ್ಲ.

ಮೊದಲನೆಯದು ಹಾಪ್. ಯಾವ ಕಾಲಿನಿಂದ ಚಿಮ್ಮಿದರೋ ಅದೇ ಕಾಲಿನ ಮೇಲೆ ಇಳಿಯಬೇಕು. ಕುಂಟಾಬಿಲ್ಲೆ ಆಡಿದ ಪ್ರತಿ ಹುಡುಗಿಗೂ ಇದು ಗೊತ್ತು. ಎರಡನೆಯದು ಸ್ಟೆಪ್. ಆ ಕಾಲಿನಿಂದ ಎದ್ದು ಇನ್ನೊಂದು ಕಾಲಿನ ಮೇಲೆ ಇಳಿಯಬೇಕು. ಮಳೆಗಾಲದಲ್ಲಿ ತೋಡು ದಾಟುವಾಗ ಈ ದಡದಿಂದ ನಡುವಿನ ಕಲ್ಲಿಗೆ ಕಾಲು ಚಾಚುತ್ತೇವಲ್ಲ, ಹಾಗೆ. ಮೂರನೆಯದು ಜಂಪ್. ಆ ಎರಡನೇ ಕಾಲಿನಿಂದ ಎದ್ದು ಎರಡೂ ಕಾಲು ಮುಂದೆ ಚಾಚಿ ಮರಳಿಗೆ ಬೀಳುವುದು. ಬಲಗಾಲಿನಿಂದ ಶುರು ಮಾಡುವವರಿಗೆ ಲೆಕ್ಕ ‘ಬಲ, ಬಲ, ಎಡ, ಮರಳು’. ಎಡಗಾಲಿನವರಿಗೆ ‘ಎಡ, ಎಡ, ಬಲ, ಮರಳು’. ಈ ಕ್ರಮ ತಪ್ಪಿದರೆ ಫೌಲ್.

ಹಿಂದೆ ಇಷ್ಟು ಕಟ್ಟುನಿಟ್ಟು ಇರಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಧುನಿಕ ಕಾಲದ ಮೊಟ್ಟಮೊದಲ ಚಾಂಪಿಯನ್ ಆದ ಅಮೆರಿಕದ ಜೇಮ್ಸ್ ಕೊನೊಲಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ, 13.71 ಮೀಟರ್ ಹಾರಿ. ಅವರು ಎರಡು ಸಲ ಕುಂಟಿ, ಮೂರನೆಯದಕ್ಕೆ ಜಿಗಿದಿದ್ದರು. ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ಸಿಕ್ಕಿದ್ದು ನೂರು ವರ್ಷ ಕಳೆದ ಮೇಲೆ, 1996ರಲ್ಲಿ.

ಕಾಫಿ ದುಡ್ಡಿನ ಲೆಕ್ಕ

ಟ್ರಿಪಲ್ ಜಂಪ್ ಎಂದರೆ ಕಾಲಿನ ಬಲ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಬಲ ಬೇಕು, ನಿಜ. ಆದರೆ ಈ ಸ್ಪರ್ಧೆಯ ಗುಟ್ಟು ವೇಗವನ್ನು ಉಳಿಸಿಕೊಳ್ಳುವುದರಲ್ಲಿದೆ.

ಕಾಫಿ ಮಾರಿದ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಮುಂದಿನ ಕೊಯ್ಲಿನವರೆಗೆ ಅದರಲ್ಲೇ ಗೊಬ್ಬರ, ಕೂಲಿ, ಮನೆ ಎಲ್ಲವೂ ನಡೆಯಬೇಕು. ಓಡಿ ಬಂದು ಕೂಡಿಸಿದ ವೇಗವೂ ಹಾಗೆಯೇ. ಚಿಮ್ಮಲು ನೆಲದಲ್ಲಿ ಹುದುಗಿಸಿದ ಹಲಗೆ ಬಿಟ್ಟ ಮೇಲೆ ಹೊಸ ವೇಗ ಎಲ್ಲಿಂದಲೂ ಬರುವುದಿಲ್ಲ. ಪ್ರತಿ ಸಲ ಕಾಲು ನೆಲ ಮುಟ್ಟಿದಾಗ ಸ್ವಲ್ಪ ಖರ್ಚಾಗುತ್ತದೆ. ವಿಶ್ವಮಟ್ಟದ ಪುರುಷರು ಹಲಗೆಗೆ ಬರುವಾಗ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿರುತ್ತಾರೆ. ಮೂರನೆಯ ಜಿಗಿತಕ್ಕೆ ಏಳುವ ಹೊತ್ತಿಗೆ ಅದು 7ರ ಆಸುಪಾಸಿಗೆ ಇಳಿದಿರುತ್ತದೆ.

ಹೊಸಬರ ದೊಡ್ಡ ತಪ್ಪು ಇಲ್ಲೇ. ಮೊದಲ ಹಾಪ್‌ನಲ್ಲೇ ಲಾಂಗ್ ಜಂಪ್‌ನ ಹಾಗೆ ಎತ್ತರಕ್ಕೆ ಏಳುತ್ತಾರೆ. ಎತ್ತರಕ್ಕೆ ಹೋದದ್ದು ಅಷ್ಟೇ ಜೋರಾಗಿ ಕೆಳಗೆ ಬರುತ್ತದೆ. ಇಳಿದ ಕಾಲು ಭಾರ ತಾಳದೆ ಕುಸಿಯುತ್ತದೆ, ವೇಗ ಅಲ್ಲೇ ಸಾಯುತ್ತದೆ, ಎರಡನೆಯದು ಹೆಸರಿಗೆ ಮಾತ್ರದ ಒಂದು ಪುಟ್ಟ ಹೆಜ್ಜೆಯಾಗುತ್ತದೆ. ಕೆರೆಯ ಮೇಲೆ ಚಪ್ಪಟೆ ಕಲ್ಲು ಬೀಸಿ ಎಸೆದು ಪುಟಿಸುವ ಆಟ ನೆನಪಿಸಿಕೊಳ್ಳಿ. ಕಲ್ಲು ನೀರಿಗೆ ಸವರಿಕೊಂಡು ಹೋದರೆ ಮೂರು ನಾಲ್ಕು ಸಲ ಪುಟಿಯುತ್ತದೆ. ಮೇಲಿನಿಂದ ಬಿದ್ದರೆ ಬುಳುಕ್ ಎಂದು ಮುಳುಗುತ್ತದೆ.

ಈ ತಪ್ಪನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ಮಗಳು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿ. ಹಲಗೆಯ ಸದ್ದು, ಹಾಪ್ ಇಳಿದ ಸದ್ದು, ಸ್ಟೆಪ್ ಇಳಿದ ಸದ್ದು, ಮರಳಿನ ಸದ್ದು. ಈ ನಾಲ್ಕರ ನಡುವಿನ ಮೂರು ಬಿಡುವುಗಳು ಹೆಚ್ಚು ಕಡಿಮೆ ಸಮನಾಗಿದ್ದರೆ ಜಿಗಿತ ಸರಿಯಿದೆ. ಮೊದಲನೇ ಬಿಡುವು ಉದ್ದವಾಗಿ, ಎರಡನೆಯದು ‘ಟಪಟಪ’ ಎಂದು ಮುಗಿದರೆ ಹಾಪ್ ತೀರ ಎತ್ತರವಾಗಿದೆ. ಸರಿಪಡಿಸಲು ನೆಲದ ಮೇಲೆ 2.5 ಮೀಟರ್ ಅಂತರಕ್ಕೊಂದು ಸುಣ್ಣದ ಗೆರೆ ಎಳೆದು, ಆರು ಹೆಜ್ಜೆಯ ಸಣ್ಣ ಓಟದಿಂದ ಗೆರೆಯಿಂದ ಗೆರೆಗೆ ಹಾರಿಸಬೇಕು. ಅಂತರ ಸಮ ಇದ್ದಾಗ ಕಾಲು ತಾನಾಗಿ ಸಮಕ್ಕೆ ಬರುತ್ತದೆ. ಆಮೇಲೆ ಅಂತರವನ್ನು 10 ಸೆಂಟಿಮೀಟರ್‌ನಂತೆ ಹೆಚ್ಚಿಸಬಹುದು.

ಕಾಲು ಇಳಿಸುವ ಬಗೆಯೂ ಮುಖ್ಯ. ತುದಿಗಾಲಿನಲ್ಲಿ ಇಳಿದರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಪೆಟ್ಟು. ಹಿಮ್ಮಡಿಯನ್ನು ಮುಂದೆ ಊರಿದರೆ ಬ್ರೇಕ್ ಹಾಕಿದಂತೆ. ಪಾದ ಹೆಚ್ಚು ಕಡಿಮೆ ಪೂರ್ತಿ ಒಟ್ಟಿಗೇ ನೆಲ ಮುಟ್ಟಬೇಕು. ಮುಟ್ಟುವ ಕ್ಷಣದಲ್ಲಿ ಹೋರಿ ನೆಲ ಕೆರೆಯುವ ಹಾಗೆ ಹಿಂದಕ್ಕೆ ಎಳೆಯುತ್ತಿರಬೇಕು. ಹಾಗೆ ಮಾಡಿದಾಗ ನೆಲ ದೇಹವನ್ನು ತಡೆಯುವುದಿಲ್ಲ, ಮುಂದಕ್ಕೆ ದಾಟಿಸುತ್ತದೆ.

18.29 ಮೀಟರನ್ನು ಬಿಡಿಸಿ ನೋಡಿದರೆ

ಪುರುಷರ ವಿಶ್ವದಾಖಲೆ 18.29 ಮೀಟರ್. ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 1995ರ ಆಗಸ್ಟ್ 7ರಂದು ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾಡಿದ್ದು. ಮೊದಲ ಪ್ರಯತ್ನದಲ್ಲಿ 18.16 ಹಾರಿ ನಿಯಮಬದ್ಧವಾಗಿ 18 ಮೀಟರ್ ದಾಟಿದ ಮೊದಲಿಗರಾದರು. ಎರಡನೇ ಪ್ರಯತ್ನದಲ್ಲಿ ಅದನ್ನೂ ಮುರಿದರು. ಆ ಜಿಗಿತದ ಪಾಲು ಹೀಗಿತ್ತು: ಹಾಪ್ 6.05, ಸ್ಟೆಪ್ 5.22, ಜಂಪ್ 7.02.

ಈ ಮೂರು ಅಂಕಿಗಳನ್ನು ಒಂದು ನಿಮಿಷ ದಿಟ್ಟಿಸಬೇಕು. ಅತಿ ಉದ್ದದ ಹಾರಾಟ ಮೊದಲನೆಯದಲ್ಲ, ಕೊನೆಯದು. ಮೊದಲಿಗೆ ಕೈ ಬಿಗಿಹಿಡಿದು, ದುಡ್ಡನ್ನು ಕೊನೆಗೆ ಉಳಿಸಿಕೊಂಡವರ ಲೆಕ್ಕ ಇದು. ಎಡ್ವರ್ಡ್ಸ್ ದಪ್ಪ ಮೈಕಟ್ಟಿನವರೂ ಅಲ್ಲ. ಎಲ್ಲರೂ ಹೀಗೆಯೇ ಹಾರುವುದಿಲ್ಲ. ಹಾಪ್ ಉದ್ದವಿರುವ ಚಾಂಪಿಯನ್ನರೂ ಇದ್ದಾರೆ, ಆದರೆ ಅದಕ್ಕೆ ಕಾಲಿನಲ್ಲಿ ವರ್ಷಗಟ್ಟಲೆ ಕಟ್ಟಿದ ಬಲ ಬೇಕು. ಶಾಲೆಯ ಮಕ್ಕಳಿಗೆ ಅದನ್ನು ಕಲಿಸಲು ಹೋಗುವುದು ತಪ್ಪು ಎಂದೇ ಹೇಳಬೇಕು.

ಮೂವತ್ತು ವರ್ಷ ಕಳೆದರೂ ಆ ದಾಖಲೆ ಉಳಿದಿದೆ. ತೀರ ಹತ್ತಿರ ಬಂದವರು ಅಮೆರಿಕದ ಕ್ರಿಶ್ಚಿಯನ್ ಟೇಲರ್, 2015ರಲ್ಲಿ 18.21. ಮಹಿಳೆಯರಲ್ಲಿ ವೆನೆಜುವೆಲಾದ ಯುಲಿಮಾರ್ ರೊಹಾಸ್ 2022ರ ಮಾರ್ಚ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ 15.74 ಹಾರಿದ್ದೇ ದಾಖಲೆ. ನಮ್ಮ ದೇಶದ ಪುರುಷರ ದಾಖಲೆ ತಮಿಳುನಾಡಿನ ಪ್ರವೀಣ್ ಚಿತ್ರವೇಲ್ ಅವರದು, 2023ರಲ್ಲಿ ಹವಾನಾದಲ್ಲಿ 17.37. ಅದಕ್ಕೂ ಹಿಂದಿನ 17.30 ಬಂದದ್ದು 2016ರಲ್ಲಿ ನಮ್ಮ ಬೆಂಗಳೂರಿನಲ್ಲೇ, ರಂಜಿತ್ ಮಹೇಶ್ವರಿ ಅವರಿಂದ.

ಹಲಗೆ, ಮರಳು, ಗಾಳಿ

ಚಿಮ್ಮುವ ಬಿಳಿ ಹಲಗೆ 20 ಸೆಂಟಿಮೀಟರ್ ಅಗಲ. ಅದರ ಮರಳಿನ ಕಡೆಯ ಅಂಚೇ ಗಡಿ. ಶೂವಿನ ತುದಿ ಆ ಗಡಿ ದಾಟಿದರೆ ಫೌಲ್. ಎಷ್ಟೇ ಹಿಂದಿನಿಂದ ಎದ್ದರೂ ಅಳತೆ ಮಾತ್ರ ಆ ಗಡಿಯಿಂದಲೇ. ಮರಳಿನಲ್ಲಿ ಹಲಗೆಗೆ ತೀರ ಹತ್ತಿರವಾಗಿ ಮೂಡಿದ ಗುರುತಿನಿಂದ ಟೇಪು ಹಿಡಿಯುತ್ತಾರೆ. ಬಿದ್ದ ಮೇಲೆ ಕೈ ಹಿಂದೆ ಊರಿದರೆ ಆ ಕೈಗುರುತೇ ಲೆಕ್ಕ. ಹಾಗಾಗಿ ಮುಂದಕ್ಕೋ ಪಕ್ಕಕ್ಕೋ ಉರುಳಲು ಕಲಿಸುತ್ತಾರೆ. ಎಳೆದುಕೊಂಡು ಬರುವ ಇನ್ನೊಂದು ಕಾಲು ಹಾರುವಾಗ ನೆಲಕ್ಕೆ ಸವರಿದರೆ ಈಗಿನ ನಿಯಮದಲ್ಲಿ ಫೌಲ್ ಅಲ್ಲ.

ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಸ್ಥಾನ, ಪದಕ ಸಿಗುತ್ತದೆ, ದಾಖಲೆ ಸಿಗುವುದಿಲ್ಲ. ಎಡ್ವರ್ಡ್ಸ್ ಅದೇ 1995ರಲ್ಲಿ ಫ್ರಾನ್ಸ್‌ನ ಲಿಲ್‌ನಲ್ಲಿ 18.43 ಹಾರಿದ್ದರು. ಗಾಳಿ 2.4 ಇದ್ದುದರಿಂದ ಅದು ದಾಖಲೆಯ ಪುಸ್ತಕ ಸೇರಲಿಲ್ಲ.

ಸೆಂಟಿಮೀಟರಿನ ಬೆಲೆ ತಿಳಿಯಬೇಕಾದರೆ 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟ ನೋಡಿ. ಎಲ್ದೋಸ್ ಪೌಲ್ 17.03 ಹಾರಿ ಚಿನ್ನ, ಅಬ್ದುಲ್ಲಾ ಅಬೂಬಕ್ಕರ್ 17.02 ಹಾರಿ ಬೆಳ್ಳಿ. ಇಬ್ಬರೂ ನಮ್ಮ ಕುಟ್ಟದ ಗಡಿಯಾಚೆಯ ಕೇರಳದವರು. ನಡುವಿನ ಅಂತರ ಕಿರುಬೆರಳಿನ ಅಗಲದಷ್ಟು.

ಪೋಷಕರು ಗಮನಿಸಲೇಬೇಕಾದದ್ದು ಹಲಗೆಯಿಂದ ಮರಳಿನವರೆಗಿನ ದೂರ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪುರುಷರಿಗೆ ಕನಿಷ್ಠ 13 ಮೀಟರ್, ಮಹಿಳೆಯರಿಗೆ 11. ಶಾಲೆಯ ಹುಡುಗಿಗೆ ಅದು ಆಗದ ಮಾತು. 10 ಮೀಟರ್ ಹಾರುವ ಹುಡುಗಿಯ ಹಾಪ್ ಮತ್ತು ಸ್ಟೆಪ್ ಸೇರಿ ಸುಮಾರು 6.5 ಮೀಟರ್ ಆಗುತ್ತದೆ. ಹಲಗೆ 9 ಮೀಟರ್ ದೂರದಲ್ಲಿದ್ದರೆ ಅವಳು ಮರಳಿನ ಅಂಚಿನಿಂದ ಒಂದೇ ಮೀಟರ್ ಒಳಗೆ ಬೀಳುತ್ತಾಳೆ. ಸ್ವಲ್ಪ ಎಡವಿದರೂ ಗಟ್ಟಿ ನೆಲಕ್ಕೆ ಟೊಂಕ ಬಡಿಯುತ್ತದೆ. ಅವಳಿಗೆ 7 ಮೀಟರಿನಲ್ಲಿ ಸುಣ್ಣದ ಗೆರೆ ಬೇಕು. ಇದನ್ನು ಪಿಟಿ ಮಾಸ್ಟರರನ್ನು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ನಮ್ಮ ಮಳೆಯಲ್ಲಿ ಅಭ್ಯಾಸ

ಕಕ್ಕಡದ ಮಳೆ ಹಿಡಿದರೆ ಮರಳುಗುಂಡಿ ಕೆರೆಯಾಗುತ್ತದೆ. ನೀರು ಇಳಿದ ಮೇಲೂ ಅಪಾಯ ಉಳಿದಿರುತ್ತದೆ. ಸುತ್ತಲಿನ ಕೆಂಪುಮಣ್ಣು ಕೊಚ್ಚಿ ಬಂದು ಮರಳಿನೊಳಗೆ ಸೇರಿ, ಎರಡು ಬಿಸಿಲಿಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಮೇಲಿನಿಂದ ನೋಡಿದರೆ ಮರಳೇ, ಬಿದ್ದಾಗ ಗೊತ್ತಾಗುತ್ತದೆ. ಪ್ರತಿ ಅಭ್ಯಾಸಕ್ಕೂ ಮುಂಚೆ ಗುದ್ದಲಿಯಿಂದ ಒಂದಡಿ ಆಳ ಅಗೆದು ಸಡಿಲ ಮಾಡಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲದೆ ಉದುರಬೇಕು. ಗುಂಡಿಯ ಮಟ್ಟ ಓಟದ ದಾರಿಯ ಮಟ್ಟಕ್ಕೆ ಸಮ ಇರಬೇಕು. ತಗ್ಗಿದ್ದರೆ ಅಂಚಿನ ಕಟ್ಟೆಗೆ ಹಿಮ್ಮಡಿ ತಾಗುತ್ತದೆ.

ಒದ್ದೆ ನೆಲದಲ್ಲಿ ಪೂರ್ತಿ ಜಿಗಿತ ಬೇಡ. ಹಾಪ್ ಇಳಿದ ಪಾದ ಅಂಗುಲ ಜಾರಿದರೂ ಮಂಡಿ ತಿರುಚುತ್ತದೆ. ಅಂಥ ದಿನಗಳಿಗೆ ಬೇರೆ ಕೆಲಸವಿದೆ. ಬಾಣೆಯ ಇಳಿಜಾರಿನಲ್ಲಿ ಮೇಲಕ್ಕೆ ಓಡುವುದು ಕಾಲಿಗೆ ಬಲ ಕೊಡುತ್ತದೆ, ಪೆಟ್ಟು ಕಡಿಮೆ. ಆದರೆ ಇಳಿಜಾರಿನಲ್ಲಿ ಕೆಳಮುಖವಾಗಿ ಹಾರಿಸಬಾರದು, ಇಳಿಯುವ ಪೆಟ್ಟು ದುಪ್ಪಟ್ಟಾಗುತ್ತದೆ. ಕಾಫಿ ಕಣದ ಸಿಮೆಂಟ್ ನೆಲ ಒಣಗಿ ಚೊಕ್ಕಟವಾಗಿದ್ದರೂ ಅಲ್ಲಿ ಹಾರುವುದು ಬೇಡವೇ ಬೇಡ. ಹುಲ್ಲಿನ ಮೈದಾನ ಒಣಗಲು ಎರಡು ದಿನ ಕಾಯುವುದೇ ಮೇಲು.

ಚಳಿಯಲ್ಲಿ ಮೈ ಬಿಸಿಯಾಗಲು ಬಯಲುಸೀಮೆಯ ಮಕ್ಕಳಿಗಿಂತ ಹೆಚ್ಚು ಹೊತ್ತು ಬೇಕು. 20ರಿಂದ 25 ನಿಮಿಷ ನಿಧಾನದ ಓಟ, ಕಾಲು ಬೀಸುವುದು, ಸಣ್ಣ ಪುಟಿತ. ಹೆಸರು ಕರೆಯುವವರೆಗೂ ಟ್ರ್ಯಾಕ್‌ಸೂಟ್ ಬಿಚ್ಚಬಾರದು. ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ಮನಸ್ಸು ಹಿಂಡುವ ಉದಾಹರಣೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆನ್ರಿ ರೆಬೆಲೊ ಎಂಬ 19ರ ಹುಡುಗ ಫೈನಲ್ ತಲುಪಿದ್ದರು. ಪದಕ ಪ್ರದಾನ ಸಮಾರಂಭಕ್ಕಾಗಿ ಸ್ಪರ್ಧೆ ನಿಂತಿತು. ಕಾದು ನಿಂತು ತಣ್ಣಗಾದ ಮೈಯಲ್ಲೇ ಓಡಿ ಚಿಮ್ಮಿದಾಗ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಅವರ ಒಲಿಂಪಿಕ್ಸ್ ಅಲ್ಲಿಗೇ ಮುಗಿಯಿತು.

ಓಟದ ಹೆಜ್ಜೆ ಅಳೆಯುವುದು

ವಿಶ್ವಮಟ್ಟದವರು 16ರಿಂದ 20 ಹೆಜ್ಜೆ ಓಡಿ ಬರುತ್ತಾರೆ. ಹೊಸಬರಿಗೆ 8ರಿಂದ 12 ಸಾಕು. ಹೆಚ್ಚು ಓಡಿದರೆ ವೇಗ ಹೆಚ್ಚುತ್ತದೆ, ಅದನ್ನು ತಾಳುವ ಕಾಲು ಇನ್ನೂ ಬಂದಿರುವುದಿಲ್ಲ. ಅಳೆಯಲು ಹಲಗೆಯ ಮೇಲೆ ನಿಂತು ಹಿಮ್ಮುಖ ದಿಕ್ಕಿಗೆ, ಸ್ಪರ್ಧೆಯ ವೇಗದಲ್ಲೇ ಓಡಿಸಿ ಹತ್ತನೇ ಹೆಜ್ಜೆ ಬಿದ್ದ ಜಾಗ ಗುರುತಿಸಿ. ನಾಲ್ಕೈದು ಸಲ ಮಾಡಿದರೆ ಗುರುತುಗಳು ಒಂದೆಡೆ ಗುಂಪಾಗುತ್ತವೆ. ಆ ಗುಂಪಿನ ನಡುವೆ ಟೇಪು ಹಾಕಿ ಅಳತೆ ಬರೆದಿಟ್ಟುಕೊಳ್ಳಿ. ಎದುರುಗಾಳಿಯಲ್ಲಿ, ಮೆತ್ತಗಿನ ನೆಲದಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ. ಆಗ ಶುರುವಿನ ಗುರುತನ್ನು ಒಂದು ಶೂವಿನಷ್ಟು ಮುಂದಕ್ಕೆ ತರಬೇಕು. ಹಿಂದಿನಿಂದ ಗಾಳಿ ಇದ್ದರೆ ಹಿಂದಕ್ಕೆ. ಹಲಗೆ ಕಾಣಲೆಂದು ಕೊನೆಯಲ್ಲಿ ತಲೆ ತಗ್ಗಿಸುವ ಅಭ್ಯಾಸ ಬಿಡಿಸಿ, ತಲೆ ತಗ್ಗಿದರೆ ಸೊಂಟವೂ ತಗ್ಗುತ್ತದೆ.

ಮಂಡಿ ಹಾಳಾಗುತ್ತದೆಯೇ?

ಪ್ರಶ್ನೆ ನ್ಯಾಯವಾದದ್ದು. ಹಾಪ್‌ನಿಂದ ಇಳಿಯುವಾಗ ದೊಡ್ಡವರ ಒಂದೇ ಕಾಲಿನ ಮೇಲೆ ದೇಹತೂಕದ ಹತ್ತು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರೊಳಗೆ. ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಜಾಗಗಳು ಹಿಮ್ಮಡಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಕಣಕಾಲಿನ ಮುಂಭಾಗದ ಮೂಳೆ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು.

ಕಾಪಾಡುವುದು ಎಣಿಕೆ. ಪ್ರತಿ ಸಲ ಪಾದ ನೆಲ ಮುಟ್ಟಿದ್ದು ಒಂದು ಎಂದು ಎಣಿಸಿ. ಶಾಲೆಯ ಮಕ್ಕಳಿಗೆ ಒಂದು ಅಭ್ಯಾಸಕ್ಕೆ 60ರಿಂದ 80 ನೆಲಸ್ಪರ್ಶ ಸಾಕು. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು. ಪೂರ್ತಿ ಓಟದ ಜಿಗಿತ ವಾರಕ್ಕೆ ಐದಾರು ಮೀರಬಾರದು. ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಗಂಟು ಎದ್ದು ಮುಟ್ಟಿದರೆ ನೋಯುವುದುಂಟು. ಆರು ತಿಂಗಳಲ್ಲಿ ಗಿಡದಂತೆ ಉದ್ದವಾಗುವ ಮಕ್ಕಳಲ್ಲಿ ಇದು ಹೆಚ್ಚು. ಆಗ ಹಾರುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು, ಎಣ್ಣೆ ಹಚ್ಚಿ ಮತ್ತೆ ಮೈದಾನಕ್ಕೆ ಕಳಿಸಬಾರದು. ಬರಿಗಾಲಲ್ಲಿ ಟ್ರಿಪಲ್ ಜಂಪ್ ಹಾರಿಸುವುದೂ ತಪ್ಪು. ಹಿಮ್ಮಡಿಯ ಜಾಗದಲ್ಲಿ ದಪ್ಪ ರಬ್ಬರಿರುವ ಶೂ ಬೇಕು. ಮೊಳೆ ಶೂ ಕೊಳ್ಳುವುದಾದರೆ ನೆನಪಿರಲಿ, ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ 9 ಮಿಲಿಮೀಟರಿಗಿಂತ ಉದ್ದದ ಮೊಳೆ ಬಿಡುವುದಿಲ್ಲ.

ಚಾಂಪಿಯನ್ನರೂ ಇದರಿಂದ ಹೊರತಲ್ಲ. 2012 ಮತ್ತು 2016ರ ಒಲಿಂಪಿಕ್ ಚಿನ್ನದ ಒಡೆಯ ಟೇಲರ್, ಮಂಡಿನೋವಿನಿಂದಾಗಿ ನಡುವೆ ಚಿಮ್ಮುವ ಕಾಲನ್ನೇ ಬದಲಿಸಿಕೊಂಡರು. ಎಡಗೈಯಲ್ಲಿ ಬರೆಯಲು ಕಲಿತಂತೆ ಅದು. 18.21 ಹಾರಿದ್ದು ಆ ಹೊಸ ಕಾಲಿನಿಂದ. 2021ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಟೋಕಿಯೊ ಒಲಿಂಪಿಕ್ಸ್ ತಪ್ಪಿತು. ರೊಹಾಸ್ ಅವರಿಗೂ ಅದೇ ಜಾಗದ ಗಾಯದಿಂದ 2024ರ ಪ್ಯಾರಿಸ್ ಕೈತಪ್ಪಿತು.

ಎಷ್ಟು ವರ್ಷದ ದಾರಿ?

ಉದ್ದದ ದಾರಿ. ಎಡ್ವರ್ಡ್ಸ್ ಅವರ ವಯಸ್ಸನ್ನು ಪಕ್ಕದಲ್ಲಿ ಬರೆದು ನೋಡಿದರೆ ಸ್ಪಷ್ಟವಾಗುತ್ತದೆ. 22ನೇ ವಯಸ್ಸಿಗೆ ಸೋಲ್ ಒಲಿಂಪಿಕ್ಸ್, ಫೈನಲ್ ಇಲ್ಲ. 25ಕ್ಕೆ, ಭಾನುವಾರ ಸ್ಪರ್ಧಿಸುವುದಿಲ್ಲವೆಂಬ ಧಾರ್ಮಿಕ ನಿಲುವಿನಿಂದ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಿಂದಲೇ ದೂರ ಉಳಿದರು. 26ಕ್ಕೆ ಬಾರ್ಸಿಲೋನಾದಲ್ಲೂ ಫೈನಲ್ ಇಲ್ಲ. 27ಕ್ಕೆ, ನಿಲುವು ಬದಲಿಸಿದ ವರ್ಷ, ವಿಶ್ವ ಕಂಚು. 29ಕ್ಕೆ ವಿಶ್ವದಾಖಲೆ. 30ಕ್ಕೆ ಅಟ್ಲಾಂಟಾದಲ್ಲಿ ಬೆಳ್ಳಿ. ಒಲಿಂಪಿಕ್ ಚಿನ್ನ ಬಂದದ್ದು 2000ದ ಸಿಡ್ನಿಯಲ್ಲಿ, 34ನೇ ವಯಸ್ಸಿಗೆ, 17.71 ಹಾರಿ. ಮರುವರ್ಷ ಮತ್ತೆ ವಿಶ್ವ ಚಾಂಪಿಯನ್. ಸೋವಿಯತ್ ಒಕ್ಕೂಟದ ವಿಕ್ಟರ್ ಸನೆಯೆವ್ 1968, 1972, 1976 ಮೂರರಲ್ಲೂ ಚಿನ್ನ ಗೆದ್ದು, 1980ರಲ್ಲಿ ಬೆಳ್ಳಿ ತಂದರು.

ಹಾಗಾಗಿ 14ನೇ ವಯಸ್ಸಿನಲ್ಲಿ ಜಿಲ್ಲೆಗೆ ಮೂರನೆಯವಳಾದರೆ ಅದು ಸೋಲಲ್ಲ. 13ರಿಂದ 16ರವರೆಗೆ ಓಟ, ಲಾಂಗ್ ಜಂಪ್, ಹರ್ಡಲ್ಸ್, ಹಾಕಿ ಎಲ್ಲವನ್ನೂ ಆಡಲಿ. ಏಷ್ಯನ್ ಕ್ರೀಡಾಕೂಟದಲ್ಲಿ 2010ರಲ್ಲಿ ಕಂಚು ಗೆದ್ದ ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ ಅವರದು ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್. ಕೊಡಗಿನ ಮೈಗೆ ಇಂಥ ಹಲವು ಬಗೆಯ ಅಭ್ಯಾಸ ಒಗ್ಗುತ್ತದೆ. 16ರಿಂದ 19ರ ನಡುವೆ ಟ್ರಿಪಲ್ ಜಂಪ್‌ಗೆ ಹೆಚ್ಚು ಸಮಯ, ತಜ್ಞ ಕೋಚ್, ತೂಕ ಎತ್ತುವ ಅಭ್ಯಾಸ. 24ರಿಂದ 30 ಫಲದ ಕಾಲ. ಬೇಗ ಬೆಳಗಿದವರೂ ಇದ್ದಾರೆ. ಪ್ರವೀಣ್ ಚಿತ್ರವೇಲ್ 2018ರ ಯೂತ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ 17 ವರ್ಷ. ಆದರೆ ರಾಷ್ಟ್ರೀಯ ದಾಖಲೆಗೆ ಅವರೂ ಇನ್ನೂ ನಾಲ್ಕೂವರೆ ವರ್ಷ ಕಾದರು.

ಸಣ್ಣ ಊರು ಎಂಬ ಅಳುಕೂ ಬೇಡ. ಪ್ಯಾರಿಸ್‌ನಲ್ಲಿ 15.02 ಹಾರಿ ಮಹಿಳೆಯರ ಚಿನ್ನ ಗೆದ್ದ ಥಿಯಾ ಲಾಫಾಂಡ್ ಅವರ ದೇಶ ಡೊಮಿನಿಕಾ. ಅಲ್ಲಿನ ಜನಸಂಖ್ಯೆ ಸುಮಾರು 70 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ಕೊಡಗಿನದು ಐದೂವರೆ ಲಕ್ಷ. ಆ ದೇಶಕ್ಕೆ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊಟ್ಟಮೊದಲ ಪದಕ ಅದು.

ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಕ್ರೀಡಾ ಕೋಟಾದ ನೌಕರಿ. ಎಲ್ದೋಸ್ ಪೌಲ್ ನೌಕಾಪಡೆಯವರು, ಅಬೂಬಕ್ಕರ್ ವಾಯುಪಡೆಯವರು. ರೈಲ್ವೆಯೂ ತೆಗೆದುಕೊಳ್ಳುತ್ತದೆ. ಅದಕ್ಕಾಗಿ ಪ್ರತಿ ಕೂಟದ ಪ್ರಮಾಣಪತ್ರ, ಜನನ ಪ್ರಮಾಣಪತ್ರ ಜೋಪಾನ. ರಾಜ್ಯಮಟ್ಟ ದಾಟಿದ ಮೇಲೆ ಉದ್ದೀಪನ ಮದ್ದಿನ ಪರೀಕ್ಷೆ ಬರಬಹುದು. ಕೆಮ್ಮು, ನೆಗಡಿಯ ಔಷಧಿಯನ್ನೂ, ಡಬ್ಬಿಯ ಪೌಡರನ್ನೂ ನಿಷೇಧಿತ ಪಟ್ಟಿ ಬಲ್ಲ ವೈದ್ಯರನ್ನು ಕೇಳದೆ ಕೊಡಬೇಡಿ. ಗೊತ್ತಿರಲಿಲ್ಲ ಎಂಬ ಮಾತನ್ನು ಅಲ್ಲಿ ಒಪ್ಪುವುದಿಲ್ಲ.

ನಾಳೆಯಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಅಭ್ಯಾಸಕ್ಕೂ ಒಂದೊಂದು ಸಾಲು: ‘ಬುಧವಾರ, ನೆಲ ಒಣಗಿದೆ, ಹತ್ತು ಹೆಜ್ಜೆ, ಗುರುತು 16.40, ನೆಲಸ್ಪರ್ಶ 64, ಎಡ ಹಿಮ್ಮಡಿ ಸ್ವಲ್ಪ ನೋವು.’ ಎಡ ಹಿಮ್ಮಡಿ ಎಂಬ ಪದ ಮೂರು ಸಾಲಿನಲ್ಲಿ ಸತತವಾಗಿ ಕಂಡರೆ ನಾಲ್ಕನೇ ಅಭ್ಯಾಸಕ್ಕೆ ಕಳಿಸಬೇಡಿ. ಜಿಲ್ಲಾ ಕೂಟ ಮರುದಿನವೇ ಇದ್ದರೂ ಸರಿ.